ಆಗುಂಬೆ ಹತ್ತಿ ಚಾರ್ಮಾಡಿ ಇಳಿಯುವ ಸೈಕಲ್ ಸುತ್ತು: ಗೇರು, ಬ್ರೇಕು, ನಡುವೆ ಕುದುರೆಮುಖ ಚಾರಣ

ರೆಕ್ಕೆಗಾಲಿ (ಪ್ರಶ್ನೆ)

ಡಿಸೆಂಬರ್ ಎರಡನೇ ವಾರ ಇಬ್ಬರು ಸೈಕಲ್‌ನಲ್ಲಿ ಹೊರಡುವ ಲೆಕ್ಕ. ಉಡುಪಿಯಿಂದ ಶುರು, ಉಡುಪಿಗೇ ವಾಪಸ್. ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆ ಘಾಟಿ ಹತ್ತಿ ಶೃಂಗೇರಿ. ಅಲ್ಲಿಂದ ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಹಳೇ ಸೌತ್ ಕೆನರಾ ಗಡಿ), ಕುದುರೆಮುಖ, ಕಳಸ. ಆಮೇಲೆ ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿ ಇಳಿದು ಉಜಿರೆ, ಉಡುಪಿ. ನಡುವೆ ಒಂದು ದಿನ ಕುದುರೆಮುಖ ಶಿಖರಕ್ಕೆ ಚಾರಣ. ಕೈಯಲ್ಲಿ ಆರು ದಿನ ಇದೆ.

ಒಂದು ಸೈಕಲ್ ಹೈಬ್ರಿಡ್: ಮುಂದೆ 48-38-28 ಹಲ್ಲು, ಹಿಂದೆ 8 ಸ್ಪೀಡಿನ 11-32, ವಿ ಬ್ರೇಕ್ (ರಿಮ್ಮನ್ನೇ ಒತ್ತಿ ಹಿಡಿಯುವುದು), 700x35 ಟೈರು. ಇನ್ನೊಂದು ರೋಡ್ ಬೈಕ್: ಮುಂದೆ 50-34, ಹಿಂದೆ 11-28, ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್, 28 ಮಿ.ಮೀ. ಟೈರು. ಒಬ್ಬೊಬ್ಬರಿಗೆ 12 ಕಿಲೋ ಸಾಮಾನು.

ಕೇಳಬೇಕಾದ್ದು ಇಷ್ಟು. ಈ ದಿಕ್ಕು ಸರಿಯೋ, ಅಥವಾ ಚಾರ್ಮಾಡಿ ಹತ್ತಿ ಆಗುಂಬೆ ಇಳಿಯುವುದು ಒಳ್ಳೆಯದೋ? ಈ ಗೇರುಗಳು ಸಾಕೇ? ಇಳಿಯುವಾಗ ಬ್ರೇಕಿಗೆ ಏನು ತಯಾರಿ ಬೇಕು? ಚಾರಣದ ದಿನ ಎಲ್ಲಿ ಸೇರಿಸಬೇಕು? ಉಣ್ಣೆ (ಕಚ್ಚುವ ಉಣುಗು), ಇಂಬಳದ (ಕಾಡಿನ ಜಿಗಣೆ) ವಿಷಯ ಡಿಸೆಂಬರಿನಲ್ಲಿ ಎಷ್ಟು ತಲೆಕೆಡಿಸಿಕೊಳ್ಳಬೇಕು?

ಹದಿನಾಲ್ಕನೇ ತಿರುವು

ದಿಕ್ಕು ಸರಿಯಾಗಿಯೇ ಇದೆ, ಬದಲಿಸಬೇಡಿ. ಆಗುಂಬೆ ಗಿಡ್ಡ, ಕಡಿದು. ಚಾರ್ಮಾಡಿ ಉದ್ದ, ನಿಧಾನ. ಕಡಿದಾದ್ದನ್ನು ಹತ್ತಬೇಕು, ನಿಧಾನದ್ದನ್ನು ಇಳಿಯಬೇಕು. ಉಲ್ಟಾ ಮಾಡಿದರೆ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಸಾಮಾನು ಹೊತ್ತ ಸೈಕಲ್ಲಿನ ಬ್ರೇಕು ಹಿಡಿದುಕೊಂಡೇ ಇಳಿಯಬೇಕಾಗುತ್ತದೆ. ವಿ ಬ್ರೇಕಿಗೆ ಅದು ಒಳ್ಳೆಯ ಕೆಲಸವಲ್ಲ.

ಸೋಮೇಶ್ವರದಿಂದ ಆಗುಂಬೆಗೆ ಸುಮಾರು 10 ಕಿ.ಮೀ. ಅಷ್ಟರಲ್ಲಿ ಸುಮಾರು 550 ಮೀಟರ್ ಏರುತ್ತೀರಿ, ಅಂದರೆ ಸರಾಸರಿ ನೂರಕ್ಕೆ ಐದೂವರೆ. ಆದರೆ ಸರಾಸರಿ ಇಲ್ಲಿ ಸುಳ್ಳು ಹೇಳುತ್ತದೆ. ಮೊದಲ ಭಾಗ ಕಾಡೊಳಗೆ ಸಾಧಾರಣ ಚಡಾವು, ತಿರುವುಗಳು ಶುರುವಾದ ಮೇಲೆಯೇ ನಿಜವಾದ ಘಾಟಿ. ಮೊದಲ ಭಾಗದಲ್ಲಿ ಹುಮ್ಮಸ್ಸಿಗೆ ಬಿದ್ದು ದೊಡ್ಡ ಗೇರಿನಲ್ಲಿ ಎಳೆದರೆ ಏಳೆಂಟನೇ ತಿರುವಿನಲ್ಲಿ ತೊಡೆ ಕೈಕೊಡುತ್ತದೆ.

ತಿರುವು ತೆಗೆದುಕೊಳ್ಳುವುದರಲ್ಲೇ ಅರ್ಧ ಕೆಲಸ ಇದೆ. ನಾವು ಎಡಗಡೆ ಹೋಗುವವರು. ಹತ್ತುವಾಗ ಬಲಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ನೀವು ಹೊರ ಅಂಚಿನಲ್ಲಿರುತ್ತೀರಿ. ಸುತ್ತು ದೊಡ್ಡದು, ಚಡಾವು ಕಡಿಮೆ, ಅಲ್ಲೇ ಉಸಿರು ಹಿಡಿದುಕೊಳ್ಳಿ. ಎಡಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ಒಳ ಅಂಚಿಗೆ ಬೀಳುತ್ತೀರಿ. ಅಲ್ಲಿ ಅದೇ ಎತ್ತರವನ್ನು ಅರ್ಧ ದೂರದಲ್ಲಿ ಏರಬೇಕು. ಹಾಗಾಗಿ ಎಡ ತಿರುವಿಗೆ ಹತ್ತು ಹದಿನೈದು ಮೀಟರ್ ಮುಂಚೆಯೇ ಗೇರು ಇಳಿಸಿ, ಹಿಂದೆ ಮುಂದೆ ವಾಹನ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಅಂಚು ಬಿಟ್ಟು ಸ್ವಲ್ಪ ನಡುವಿಗೆ ಬನ್ನಿ. ತಿರುವಿನೊಳಗೆ ಹೋಗಿ ಗೇರು ಬದಲಿಸಲು ಹೋದರೆ ಭಾರ ಬಿದ್ದ ಚೈನು ಜಾರುತ್ತದೆ. ಹಲ್ಲು ತಪ್ಪಿದರೆ ನಿಂತಲ್ಲೇ ಅಡ್ಡ ಬೀಳುವುದು.

ಆಗುಂಬೆಯಲ್ಲಿ ದೊಡ್ಡ ಲಾರಿಗಳಿಗೆ ಅವಕಾಶ ಇಲ್ಲ, ಮಿನಿ ಬಸ್ಸುಗಳು ಓಡುತ್ತವೆ. ಮಿನಿ ಬಸ್ಸಿಗೂ ಹೇರ್‌ಪಿನ್ ಪೂರ್ತಿ ಬೇಕು. ಮೇಲಿನಿಂದ ಹಾರ್ನ್ ಕೇಳಿದರೆ ತಿರುವಿಗಿಂತ ಮೊದಲೇ ಎಡಕ್ಕೆ ನಿಂತುಬಿಡಿ. ಇಕ್ಕಟ್ಟಾದ ಘಾಟಿ ರಸ್ತೆಯಲ್ಲಿ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ನಿಯಮ. ಅದನ್ನು ನಂಬಿ ತಿರುವಿನ ನಡುವೆ ಜಾಗಕ್ಕಾಗಿ ಹಟ ಹಿಡಿಯುವುದು ಬೇಡ.

ಹೊತ್ತಿನ ಲೆಕ್ಕವೂ ಮುಖ್ಯ. ಘಾಟಿಯ ಮುಖ ಪಡುವಣಕ್ಕೆ. ಬೆಳಗಿನ ಬಿಸಿಲು ಗುಡ್ಡದ ಹಿಂದಿರುತ್ತದೆ, ಒಂಬತ್ತು ಒಂಬತ್ತೂವರೆಯವರೆಗೂ ರಸ್ತೆ ನೆರಳು. ಮಧ್ಯಾಹ್ನದ ಮೇಲೆ ಅದೇ ರಸ್ತೆ ಕಾದ ಕಾವಲಿ. ಉಡುಪಿಯಿಂದ ಬೆಳಿಗ್ಗೆ ಹೊರಟರೆ ಘಾಟಿ ಬುಡಕ್ಕೆ ಬರುವಾಗ ಹೊತ್ತೇರಿರುತ್ತದೆ. ಅದಕ್ಕೆ ಮೊದಲ ದಿನ ಮಧ್ಯಾಹ್ನ ಊಟ ಮಾಡಿ ಹೊರಟು ಹಿರಿಯಡ್ಕ, ಪೆರ್ಡೂರು ದಾಟಿ ಹೆಬ್ರಿಯಲ್ಲಿ ಉಳಿಯಿರಿ. ಮರುದಿನ ಬೆಳಕು ಹರಿಯುತ್ತಿದ್ದಂತೆ ಹೊರಟರೆ ಒಂಬತ್ತಕ್ಕೆ ಆಗುಂಬೆಯಲ್ಲಿ ತಿಂಡಿ. ಆಮೇಲೆ ಬೇಗಾರಿನ ಮೇಲೆ ಶೃಂಗೇರಿಗೆ 27 ಕಿ.ಮೀ. ಆಸುಪಾಸು, ಏರಿಳಿತ ಇದೆ ಆದರೆ ಕಷ್ಟವಿಲ್ಲ.

ತಿರುವುಗಳಲ್ಲಿ ಮಂಗಗಳು ಕಾದು ಕೂತಿರುತ್ತವೆ, ಕಾರಿನವರು ಬಾಳೆಹಣ್ಣು ಎಸೆದು ಅಭ್ಯಾಸ ಮಾಡಿಸಿದ್ದಾರೆ. ಹ್ಯಾಂಡಲ್ ಬಾರಿಗೆ ಕಟ್ಟಿದ ತೆರೆದ ಚೀಲ, ಕಾಣುವ ಪ್ಲಾಸ್ಟಿಕ್ ಕವರು ಇರಬಾರದು. ಸಿಂಗಳೀಕ ಕಂಡರೂ ನಿಂತು ತಿನ್ನಿಸಬೇಡಿ. ರಸ್ತೆಗೆ ಇಳಿಯುವುದನ್ನು ಕಲಿತ ಸಿಂಗಳೀಕ ವಾಹನಕ್ಕೆ ಸಿಕ್ಕಿ ಸಾಯುತ್ತದೆ.

ಗ್ರೀಸು ಕೈ

ಗೇರಿನ ವಿಷಯ ಬಾಯಿಮಾತಲ್ಲಿ ಬೇಡ, ಲೆಕ್ಕ ಹಾಕಿ ನೋಡುವ ಮಾರಾಯ್ರೆ.

ಹೈಬ್ರಿಡ್: 28 ಹಲ್ಲು ಮುಂದೆ, 32 ಹಿಂದೆ. ಪೆಡಲು ಒಂದು ಸುತ್ತಿಗೆ ಸೈಕಲ್ ಹೆಚ್ಚುಕಡಿಮೆ 1.9 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 6.8 ಕಿ.ಮೀ. ರೋಡ್ ಬೈಕ್: 34ಕ್ಕೆ 28. ಒಂದು ಸುತ್ತಿಗೆ 2.6 ಮೀಟರ್, ಅದೇ 60 ಸುತ್ತಿಗೆ 9.3 ಕಿ.ಮೀ. ಆಳು, ಸೈಕಲ್, ಸಾಮಾನು ಸೇರಿ 95 ಕಿಲೋ ಅಂದುಕೊಳ್ಳಿ. ನೂರಕ್ಕೆ 6ರ ಚಡಾವಿನಲ್ಲಿ ಹೈಬ್ರಿಡ್‌ನವರು 120 ವ್ಯಾಟ್ ತುಳಿದರೆ ಸಾಕು. ರೋಡ್ ಬೈಕ್‌ನವರು 165 ವ್ಯಾಟ್ ಕೊಡಬೇಕು. ತಿರುವಿನ ಒಳಗೆ ನೂರಕ್ಕೆ 10 ಬಂದರೆ ಹೈಬ್ರಿಡ್‌ಗೆ 190, ರೋಡ್ ಬೈಕ್‌ಗೆ 260. ಈ 260 ಅನ್ನುವುದು ಸಾಮಾನ್ಯ ಸವಾರರಿಗೆ ಕೆಲವೇ ನಿಮಿಷದ ಮಾತು. ಕೊಡಲಾಗದಿದ್ದರೆ ಪೆಡಲು ನಿಮಿಷಕ್ಕೆ 40 ಸುತ್ತಿಗೆ ಇಳಿಯುತ್ತದೆ, ಆಗ ಮೊಣಕಾಲ ಚಿಪ್ಪಿನ ಮೇಲೆ ಭಾರ. ಮೊದಲ ಘಾಟಿಯಲ್ಲಿ ಮೊಣಕಾಲು ಹಿಡಿದರೆ ಉಳಿದ ನಾಲ್ಕು ದಿನ ಮುಗಿದಂತೆಯೇ.

ಅದಕ್ಕೆ ರೋಡ್ ಬೈಕಿನ ಹಿಂದಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು, 11-34ಕ್ಕೆ ಬದಲಿಸಿ. ಒಂದು ಸುತ್ತಿಗೆ 2.1 ಮೀಟರ್ ಆಗುತ್ತದೆ. ಆದರೆ ಬರೀ ಕ್ಯಾಸೆಟ್ ತಂದು ಹಾಕಿದರೆ ಆಗುವುದಿಲ್ಲ, ಎರಡು ಕಡೆ ಎಡವುತ್ತಾರೆ. ಒಂದು, ಹಿಂದಿನ ಡಿರೈಲರಿನ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೇಜು, ಅಂದರೆ ಚೈನು ಹಿಡಿಯುವ ತೋಳು, ಗಿಡ್ಡದಾಗಿದ್ದರೆ 34 ಹಲ್ಲು ಹಿಡಿಯುವುದಿಲ್ಲ, ಮೇಲಿನ ಚಕ್ರ ಕ್ಯಾಸೆಟ್ಟಿಗೆ ಉಜ್ಜುತ್ತದೆ. ಉದ್ದ ಕೇಜಿನದ್ದೇ ಬೇಕು. ಡಿರೈಲರಿನ ಹಿಂಬದಿಯ ಮಾಡೆಲ್ ಸಂಖ್ಯೆ ನೋಡಿ, ಅದು ಗರಿಷ್ಠ ಎಷ್ಟು ಹಲ್ಲಿಗೆ ಎಂದು ಮೊದಲು ತಿಳಿದುಕೊಳ್ಳಿ. ಎರಡು, ಚೈನಿನ ಉದ್ದ. ಆರು ಹಲ್ಲು ಹೆಚ್ಚಾದರೆ ಚೈನಿಗೆ ಒಂದೂವರೆ ಇಂಚು ಹೆಚ್ಚು ಬೇಕು, ಕೊಂಡಿಯ ಜೋಡಿ ಲೆಕ್ಕದಲ್ಲಿ ಎರಡು ಇಂಚು ಸೇರಿಸಬೇಕಾಗಬಹುದು. ಹಳೇ ಚೈನು ಬಿಗಿಯಾಗಿದ್ದು ನೀವು ದೊಡ್ಡದಕ್ಕೆ ದೊಡ್ಡದು ಹಾಕಿದರೆ ಡಿರೈಲರ್ ಮುಂದಕ್ಕೆ ಎಳೆದು ಹ್ಯಾಂಗರ್ (ಅದನ್ನು ಫ್ರೇಮಿಗೆ ಹಿಡಿಸುವ ತುಂಡು) ಕಿತ್ತು ಬರುತ್ತದೆ. ಸ್ಟ್ಯಾಂಡಿನಲ್ಲಿಟ್ಟು ಕೈಯಲ್ಲಿ ನಿಧಾನವಾಗಿ ಮುಂದೆ 50, ಹಿಂದೆ 34ಕ್ಕೆ ಹಾಕಿ ಪರೀಕ್ಷೆ ಮಾಡಿ, ಆಮೇಲೆ ರಸ್ತೆಗೆ.

ಈಗ ಬ್ರೇಕು. 95 ಕಿಲೋ 550 ಮೀಟರ್ ಇಳಿದರೆ ಹೊರಬರುವ ಶಕ್ತಿ ಸುಮಾರು 510 ಕಿಲೋಜೂಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ ಅದು. ಇದರಲ್ಲಿ ಗಾಳಿ ಎಷ್ಟು ನುಂಗುತ್ತದೆ, ಬ್ರೇಕು ಎಷ್ಟು ನುಂಗುತ್ತದೆ ಅನ್ನುವುದು ನೀವು ಇಳಿಯುವ ರೀತಿಗೆ ಬಿಟ್ಟದ್ದು. ಹೆದರಿಕೆಗೆ ಗಂಟೆಗೆ 12 ಕಿ.ಮೀ. ವೇಗದಲ್ಲಿ ಉದ್ದಕ್ಕೂ ಬ್ರೇಕು ಹಿಡಿದು ಇಳಿದರೆ ಗಾಳಿಗೆ ಏನೂ ಹೋಗುವುದಿಲ್ಲ, ಎಲ್ಲಾ ರಿಮ್ಮಿಗೆ. ರಿಮ್ಮು ಕಾದು ಟ್ಯೂಬಿನ ಪ್ಯಾಚು ಬಿಡುವುದು, ಟೈರು ಸಿಡಿಯುವುದು ಹೀಗೆ. ಸರಿಯಾದ ಕ್ರಮ: ನೇರ ರಸ್ತೆಯಲ್ಲಿ ಬ್ರೇಕು ಬಿಟ್ಟು ಉರುಳಿಸಿ, ತಿರುವಿಗೆ ಮುಂಚೆ ಸೈಕಲ್ ನೆಟ್ಟಗಿರುವಾಗಲೇ ಎರಡೂ ಬ್ರೇಕು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದ್ದು. ಅದನ್ನು ಮುಟ್ಟಲು ಹೆದರಿ ಹಿಂದಿನದ್ದನ್ನೇ ಹಿಡಿದರೆ ಹಿಂದಿನ ಚಕ್ರ ಜಾರುತ್ತದೆ.

ವಿ ಬ್ರೇಕಿನವರು ಹೊರಡುವ ಮುಂಚೆ ಪ್ಯಾಡು ಬಿಚ್ಚಿ ಮುಖ ನೋಡಿ. ಮರಳು, ಅಲ್ಯೂಮಿನಿಯಂ ಚೂರು ಹೊಕ್ಕಿರುತ್ತದೆ, ಸೂಜಿಯಿಂದ ಕಿತ್ತು ತೆಗೆಯಿರಿ. ಬಿಟ್ಟರೆ ಅದು ರಿಮ್ಮನ್ನು ಲೇತಿನ ಹಾಗೆ ಕೆರೆಯುತ್ತದೆ. ರಿಮ್ಮಿನ ಬದಿಯಲ್ಲಿ ಸವೆತದ ಗೀರು ಇದ್ದರೆ ಅದು ಮಾಸಿದೆಯೇ ನೋಡಿ. ಮಾಸಿದ್ದರೆ ರಿಮ್ಮು ಬದಲಿಸಿಯೇ ಹೊರಡಿ.

ಕೇಬಲ್ ಡಿಸ್ಕಿನ ತೊಂದರೆ ಬೇರೆ. ಆಯಿಲ್ ಡಿಸ್ಕಿನ ಹಾಗೆ ಅದು ಪ್ಯಾಡು ಸವೆದಂತೆ ತಾನೇ ಹತ್ತಿರ ಬರುವುದಿಲ್ಲ. ಉದ್ದ ಘಾಟಿಯ ಅರ್ಧದಲ್ಲಿ ಲಿವರು ಹ್ಯಾಂಡಲಿಗೆ ತಾಗಿದರೆ ಗಾಬರಿ ಬೇಡ, ನಿಲ್ಲಿಸಿ ಒಳ ಪ್ಯಾಡಿನ ಗುಂಡಿಯನ್ನು ಒಂದೆರಡು ಕ್ಲಿಕ್ ತಿರುಗಿಸಿ, ಆಮೇಲೆ ಕೇಬಲ್ ಬಿಗಿ ಮಾಡುವ ಬ್ಯಾರಲ್ ಅಡ್ಜಸ್ಟರ್. ಮಸಾಲೆ, ಅಂದರೆ ಪ್ಯಾಡಿನ ಉಜ್ಜುವ ಪದರ, ಅರ್ಧ ಮಿಲಿಮೀಟರಿಗೆ ಬಂದರೆ ಅದು ಮುಗಿಯಿತು. ಹೊಸ ಪ್ಯಾಡು ಹಾಕಿದರೆ ಘಾಟಿಯಲ್ಲಿ ಮೊದಲ ಬಾರಿ ಹಿಡಿಯಬೇಡಿ. ಊರಲ್ಲೇ 20 ಸಲ, ಗಂಟೆಗೆ 25 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಇಳಿಸಿ ಪಳಗಿಸಿ. ಇಲ್ಲದಿದ್ದರೆ ಮೇಲ್ಮೈ ಗಾಜಿನಂತಾಗಿ ಕಿರುಚುತ್ತದೆ, ಹಿಡಿಯುವುದಿಲ್ಲ. ಇಳಿದ ತಕ್ಷಣ ಡಿಸ್ಕು ಮುಟ್ಟಿ ನೋಡಬೇಡಿ, ಬೆರಳಿನ ಚರ್ಮ ಅಲ್ಲೇ ಉಳಿಯುತ್ತದೆ.

ಒಂಟಿಮರ

ಚಾರಣದ ಭಾಗ ನಾನು ಬರೆಯುತ್ತೇನೆ.

ಕುದುರೆಮುಖ ಶಿಖರ 1,890 ಮೀಟರಿಗೆ ಸ್ವಲ್ಪ ಮೇಲೆ. ಹತ್ತುವುದು ಮುಳ್ಳೋಡಿ ಕಡೆಯಿಂದ, ಹೋಗಿ ಬರಲು 20 ಕಿ.ಮೀ.ಗೂ ಸ್ವಲ್ಪ ಹೆಚ್ಚು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂದಿದೆ. ಶನಿವಾರ, ಭಾನುವಾರದ ಚೀಟಿ ಬೇಗ ಖಾಲಿಯಾಗುತ್ತದೆ, ಸೈಕಲ್ ಸುತ್ತನ್ನು ವಾರದ ನಡುವಿನ ದಿನಕ್ಕೆ ಹೊಂದಿಸಿ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ತನ್ನಿ. ಬ್ಯಾಗು ತೆಗೆಸಿ ನೋಡುತ್ತಾರೆ, ಬಳಸಿ ಬಿಸಾಡುವ ಪ್ಲಾಸ್ಟಿಕ್ ಇಟ್ಟುಕೊಳ್ಳಬೇಡಿ. ಮೇಲೆ ಡೇರೆ ಹಾಕಲು ಬಿಡುವುದಿಲ್ಲ, ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ಹತ್ತಲು ನಾಲ್ಕು ಗಂಟೆ, ಇಳಿಯಲು ಮೂರು ಎಂದು ಇಟ್ಟುಕೊಳ್ಳಿ.

ಮುಳ್ಳೋಡಿಗೆ ಹೋಗುವ ಕೊನೆಯ ದಾರಿ ಜೀಪಿನ ದಾರಿ, ಕಲ್ಲು, ಗುಂಡಿ. 35 ಮಿ.ಮೀ. ಟೈರು ತಳ್ಳಿಕೊಂಡಾದರೂ ಹೋಗುತ್ತದೆ, 28 ಮಿ.ಮೀ. ಬೇಡ. ಸೈಕಲ್ಲು ಕೆಳಗೆ ಮನೆಯವರ ಹತ್ತಿರ ಬಿಟ್ಟು ಜೀಪು ಹತ್ತುವುದು ಜಾಣತನ. ಉಳಿಯುವ ಹೋಂಸ್ಟೇಯವರನ್ನು ಕೇಳಿದರೆ ವ್ಯವಸ್ಥೆ ಆಗುತ್ತದೆ.

ಸೈಕಲ್ ಸವಾರರು ಇಲ್ಲಿ ಮಾಡುವ ತಪ್ಪು ಎರಡು. ಮೊದಲನೆಯದು ಚಪ್ಪಲಿ-ಶೂ. ಪೆಡಲಿಗೆ ಕಚ್ಚುವ ಗಟ್ಟಿ ಅಟ್ಟೆಯ ಶೂನಲ್ಲಿ 20 ಕಿ.ಮೀ. ಹುಲ್ಲುಗುಡ್ಡ ನಡೆಯಲು ಬರುವುದಿಲ್ಲ, ಒಣಗಿದ ಹುಲ್ಲಿನ ಇಳಿಜಾರಿನಲ್ಲಿ ಜಾರುತ್ತದೆ. ಎರಡು ಜೊತೆ ಹೊರುವುದೂ ಭಾರ. ಇಡೀ ಪ್ರವಾಸಕ್ಕೆ ಚಪ್ಪಟೆ ಪೆಡಲು ಹಾಕಿಸಿ, ಗಟ್ಟಿ ಹಲ್ಲಿನ ಟ್ರೇಲ್ ಶೂ ಒಂದೇ ಜೊತೆ ಇಟ್ಟುಕೊಳ್ಳಿ. ಪೆಡಲಿನಲ್ಲಿ ಕಳೆದುಕೊಳ್ಳುವುದಕ್ಕಿಂತ ಗುಡ್ಡದಲ್ಲಿ ಗಳಿಸುವುದು ಹೆಚ್ಚು.

ಎರಡನೆಯದು ದಿನದ ಲೆಕ್ಕ. ಸೈಕಲ್ ತುಳಿದು ಗಟ್ಟಿಯಾದ ಕಾಲು ಹತ್ತಲು ಹೆದರುವುದಿಲ್ಲ, ಇಳಿಯಲು ಹೆದರುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗಬೇಕು. ಸೈಕಲ್ಲಿನಲ್ಲಿ ಆ ಕೆಲಸವೇ ಇಲ್ಲ. ನೋವು ಅವತ್ತು ಗೊತ್ತಾಗುವುದಿಲ್ಲ, ಮರುದಿನ ಮತ್ತು ಅದರ ಮರುದಿನ ಏರುತ್ತದೆ. ಆದ್ದರಿಂದ ಚಾರಣದ ಮರುದಿನ ಮುಳ್ಳೋಡಿಯಿಂದ ಸಂಸೆ ದಾಟಿ ಕಳಸದವರೆಗೆ ಮಾತ್ರ ಹೋಗಿ, ಉಳಿದ ಹೊತ್ತು ಭದ್ರಾ ತೀರದಲ್ಲಿ ಕಾಲು ಚಾಚಿ. ಕಳಸದಿಂದ ಹಿರೇಬೈಲು, ಬಾಳೂರಿನ ಮೇಲೆ ಕೊಟ್ಟಿಗೆಹಾರದ ದಾರಿ ನಕ್ಷೆಯಲ್ಲಿ ಚಿಕ್ಕದಾಗಿ ಕಾಣುತ್ತದೆ. ಆದರೆ ಕಾಫಿ ತೋಟಗಳ ನಡುವೆ ಗಿಡ್ಡ, ಕಡಿದಾದ ಏರು ಒಂದರ ಮೇಲೊಂದು. ನೊಂದ ತೊಡೆಗೆ ಅದೇ ಘಾಟಿ.

ಚಾರಣದ ದಾರಿಯಲ್ಲಿ ಒಂಟಿಮರ ಎಂಬ ಜಾಗ ದಾಟಿದ ಮೇಲೆ ಬಯಲು ಹುಲ್ಲುಗಾವಲು, ನೆರಳು ಕಣಿವೆಗಳ ಶೋಲಾ ಕಾಡಿನಲ್ಲಿ ಮಾತ್ರ. ಡಿಸೆಂಬರಿನಲ್ಲಿ ತೊರೆ ಇರುತ್ತವೆ, ಆದರೂ ಎರಡು ಲೀಟರ್ ಕೆಳಗಿನಿಂದಲೇ ಹೊರಿ. ಅದರಲ್ಲಿ ಒಂದು ಲೀಟರಿಗೆ ಒಂದು ಓಆರ್‌ಎಸ್ ಪೊಟ್ಟಣ. ಅರ್ಧ ಲೀಟರಿಗೆ ಒಂದು ಪೊಟ್ಟಣ ಕಲಸುವವರಿದ್ದಾರೆ. ಉಪ್ಪು ಹೆಚ್ಚಾಗಿ ಬಾಯಾರಿಕೆ ಏರುತ್ತದೆ, ಹೊಟ್ಟೆಯೂ ತೊಳಸುತ್ತದೆ.

ಇಂಬಳ: ಮಳೆಗಾಲದಷ್ಟು ಇಲ್ಲ. ಹುಲ್ಲುಗುಡ್ಡದಲ್ಲಿ ಇರುವುದೇ ಇಲ್ಲ ಅನ್ನಬಹುದು, ಒದ್ದೆ ಶೋಲಾದೊಳಗೆ, ತೊರೆ ದಾಟುವಲ್ಲಿ ಸಿಗುತ್ತದೆ. ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿ ಸೇರಿಸಿ ಕಾಲುಚೀಲದ ಹೊರಗೆ ಹಚ್ಚುವುದು ಮಲೆನಾಡಿನ ಹಳೇ ಉಪಾಯ, ಈಗಲೂ ನಡೆಯುತ್ತದೆ. ಕಚ್ಚಿದರೆ ಎಳೆಯಬೇಡಿ, ಉಗುರನ್ನು ಬಾಯಿಯ ಬುಡಕ್ಕೆ ಒತ್ತಿ ಬದಿಗೆ ಸರಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಬಾಯಲ್ಲಿದೆ, ಬಿಟ್ಟ ಮೇಲೂ ಹೊತ್ತು ಸುರಿಯುತ್ತದೆ. ತೊಳೆದು ಬಟ್ಟೆ ಒತ್ತಿ ಕಟ್ಟಿ.

ಉಣ್ಣೆ ಮಾತ್ರ ಹಗುರದ ವಿಷಯವಲ್ಲ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು. ಈಗ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯೂ ಬರುತ್ತದೆ, ಅಂದರೆ ನಿಮ್ಮ ದಾರಿಯೇ. ಮಳೆ ನಿಂತು ಕಾಡು ಒಣಗುವ ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಹರಡುವುದು ಹೆಚ್ಚಾಗಿ ಉಣ್ಣೆಯ ಮರಿ, ಎಳ್ಳಿಗಿಂತ ಚಿಕ್ಕದು, ಕಣ್ಣಿಗೆ ಬೀಳುವುದೇ ಕಷ್ಟ. ಕಾಡಿನ ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಣ್ಣೆ ಹತ್ತದಂತೆ ಹಚ್ಚುವ ಡೇಪಾ ಎಣ್ಣೆ ಕೊಡುತ್ತಾರೆ, ಕೇಳಿ ಪಡೆದು ಕೈಕಾಲಿಗೆ ಹಚ್ಚಿ. ಸಂಜೆ ಬಿಸಿನೀರಿನಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಒಬ್ಬರಿಗೊಬ್ಬರು ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆಸಿಡಿತ, ಮೈನೋವು ಶುರುವಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಯಾವ ಕಾಡಿಗೆ ಹೋಗಿದ್ದಿರಿ ಎಂದು ಮೊದಲೇ ಹೇಳಿ. ಉಡುಪಿಗೆ ಮರಳಿದ ಮೇಲೆಯೂ ಈ ಎಂಟು ದಿನದ ಲೆಕ್ಕ ಮರೆಯಬೇಡಿ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ವೈದ್ಯರನ್ನು ಕೇಳದೆ ನುಂಗಬೇಡಿ. ರಕ್ತಸ್ರಾವ ಆಗಬಹುದಾದ ಕಾಯಿಲೆ ಇದು.

ಮಲಯಮಾರುತ ಮೂಲೆ

ಮೇಲೆ ಹೇಳಿದವರ ಜೊತೆ ಒಂದು ತಕರಾರು. “ಚಾರ್ಮಾಡಿ ನಿಧಾನ” ಎಂದು ಬರೆದುಬಿಟ್ಟರೆ ಓದಿದವರು ಅದನ್ನು ಸುಲಭ ಎಂದುಕೊಳ್ಳುತ್ತಾರೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಹಳ್ಳಿಗೆ ಸುಮಾರು 25 ಕಿ.ಮೀ. ಚಡಾವು ಕಡಿಮೆ ಇರುವುದರಿಂದಲೇ ವೇಗ ಗೊತ್ತಾಗದೆ ಏರುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ತಿಂಗಳುಗಟ್ಟಲೆ ಮುಚ್ಚಿದ ರಸ್ತೆ ಇದು. ಕುಸಿದ ಜಾಗಗಳಲ್ಲಿ ರಸ್ತೆಯ ಮೈ ಒಂದೇ ಥರ ಇಲ್ಲ. ನುಣ್ಣನೆಯ ಡಾಂಬರು ಬರುತ್ತಾ ಬರುತ್ತಾ ತಿರುವಿನಾಚೆ ತೇಪೆ, ಜಲ್ಲಿ, ಮೋರಿಯ ಅಂಚು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗಕ್ಕಿಂತ ಹೆಚ್ಚು ಬೇಡ.

ಹೊತ್ತು: ಬೆಳಿಗ್ಗೆ ಮಂಜು. ಮರದಿಂದ ತೊಟ್ಟಿಕ್ಕುವ ಹನಿಗೆ ಮಳೆ ಇಲ್ಲದಿದ್ದರೂ ರಸ್ತೆ ಒದ್ದೆ, ನೆರಳಿನ ಬದಿ ಪಾಚಿ, ಬಿಳಿ ಪಟ್ಟೆಯಂತೂ ಸಾಬೂನು. ಸಂಜೆ ನಾಲ್ಕರ ಮೇಲೆ ಇಳಿದರೆ ಪಡುವಣದ ಸೂರ್ಯ ನೇರ ಕಣ್ಣಿಗೆ. ಎದುರಿನ ಬಸ್ಸಿನವನಿಗೆ ನೀವು ಕಂಡರೂ ನಿಮಗೆ ಗುಂಡಿ ಕಾಣುವುದಿಲ್ಲ. ಹತ್ತರಿಂದ ಎರಡರ ನಡುವೆ ಇಳಿಯಿರಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ಸರಿಯಾಗಿ ಹೊತ್ತು ಸಿಗುತ್ತದೆ, ಅದನ್ನು ಬಿಟ್ಟು ಇಳಿಯುವುದು ಅಪರಾಧ.

ದಿನ: ಧರ್ಮಸ್ಥಳದ ಲಕ್ಷದೀಪೋತ್ಸವ ಕಾರ್ತಿಕ ಅಮಾವಾಸ್ಯೆಯ ಹೊತ್ತಿಗೆ ಬರುತ್ತದೆ, ಕೆಲವು ವರ್ಷ ಡಿಸೆಂಬರಿಗೆ ಹೊರಳುತ್ತದೆ. ಪಂಚಾಂಗ ನೋಡಿ, ಆ ದಿನಗಳನ್ನು ತಪ್ಪಿಸಿ. ಡಿಸೆಂಬರ್ ಶಾಲಾ ಪ್ರವಾಸದ ತಿಂಗಳೂ ಹೌದು, ಅಯ್ಯಪ್ಪ ಮಾಲೆಯವರ ಗಾಡಿಗಳೂ ಇರುತ್ತವೆ. ರಾತ್ರಿಯಿಡೀ ಓಡಿಸಿದ ಚಾಲಕ ಬೆಳಗಿನ ಜಾವ ಘಾಟಿಯಲ್ಲಿರುತ್ತಾನೆ. ಶಿವರಾತ್ರಿಗೆ ಮುಂಚೆ ಸಾವಿರಾರು ಜನ ಧರ್ಮಸ್ಥಳಕ್ಕೆ ಇದೇ ಘಾಟಿಯಲ್ಲಿ ನಡೆದು ಬರುತ್ತಾರೆ, ಆಗಂತೂ ಸೈಕಲ್ಲು ಇಳಿಸುವ ಯೋಚನೆಯೇ ಬೇಡ.

ಆನೆ: ಮೂಡಿಗೆರೆ ತಾಲೂಕಿನಲ್ಲಿ ಇದೆ. ಬೈಕು, ಕಾರಿನ ಸದ್ದು ದೂರದಿಂದ ಕೇಳುತ್ತದೆ, ಸೈಕಲ್ಲಿಗೆ ಸದ್ದೇ ಇಲ್ಲ. ತಿರುವು ದಾಟಿದಾಗ ಆನೆಗೂ ಆಶ್ಚರ್ಯ, ನಿಮಗೂ. ಕಾಟಿಗೂ (ಕಾಡುಕೋಣ) ಇದೇ ಮಾತು. ಕಣ್ಣು ತಲುಪದ ತಿರುವಿನಲ್ಲಿ ಗಂಟೆ ಬಾರಿಸುತ್ತಾ ಹೋಗಿ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ತೋಟದ ದಾರಿಯಲ್ಲಿ ಇರಬೇಡಿ. ಹಿಂದಿನ ರಾತ್ರಿ ಆನೆ ಎಲ್ಲಿತ್ತು ಎಂದು ಚಹಾ ಅಂಗಡಿಯಲ್ಲಿ ಕೇಳಿದರೆ ಗಂಟೆ ಸಮೇತ ಹೇಳುತ್ತಾರೆ. ಅರಣ್ಯ ಇಲಾಖೆಯ ಸಹಾಯವಾಣಿ 1926.

ರೆಕ್ಕೆಗಾಲಿ

ಎಲ್ಲರಿಗೂ ಧನ್ಯವಾದ. ಎರಡು ಉಳಿದವು. ರೋಡ್ ಬೈಕಿನ ಡಿರೈಲರ್ ಗಿಡ್ಡ ಕೇಜಿನದ್ದೇ, ಬದಲಿಸಲು ಈಗ ದುಡ್ಡಿಲ್ಲ. ಬೇರೆ ದಾರಿ ಇದೆಯೇ? ಎಸ್.ಕೆ. ಬಾರ್ಡರಿನಿಂದ ಕುದುರೆಮುಖದ ರಸ್ತೆಯಲ್ಲಿ ಸೈಕಲ್ ಬಿಡುತ್ತಾರೆಯೇ?

ಗ್ರೀಸು ಕೈ

ದುಡ್ಡು ಹಾಕದ ದಾರಿ ಅಂದರೆ ಭಾರ ಇಳಿಸುವುದು. ರೋಡ್ ಬೈಕಿನ 12 ಕಿಲೋದಲ್ಲಿ 8 ಕಿಲೋ ಹೈಬ್ರಿಡ್‌ಗೆ ವರ್ಗಾಯಿಸಿ. ಅದಕ್ಕೆ ಗೇರಿದೆ, ದಪ್ಪ ಟೈರಿದೆ. ವಿ ಬ್ರೇಕಿಗೆ ಭಾರ ಹೆಚ್ಚುತ್ತದಲ್ಲ ಅನ್ನಬೇಡಿ. ಈ ಸುತ್ತಿನಲ್ಲಿ ದೊಡ್ಡ ಇಳಿತ ಒಂದೇ. ಚಾರ್ಮಾಡಿಗೆ ಬರುವಾಗ ತಿರುಗಿ ಸಮ ಮಾಡಿಕೊಳ್ಳಿ. ಇಷ್ಟಾದರೂ ಎಡ ತಿರುವುಗಳಲ್ಲಿ ಉಸಿರು ಕಟ್ಟಿದರೆ ಇಳಿದು ತಳ್ಳಿ. ಗಂಟೆಗೆ 4 ಕಿ.ಮೀ. ತಳ್ಳುವುದಕ್ಕೂ 6 ಕಿ.ಮೀ. ತುಳಿಯುವುದಕ್ಕೂ ಹದಿನಾಲ್ಕು ತಿರುವಿನ ಮಟ್ಟಿಗೆ ದೊಡ್ಡ ವ್ಯತ್ಯಾಸ ಏನಿಲ್ಲ. ಲೋಕಲ್ ಅಂಗಡಿಯಲ್ಲಿ ಮುಂದಿನ 34ರ ಬದಲು 30 ಹಲ್ಲು ಹಾಕಿಕೊಡುತ್ತೇವೆ ಅಂದರೆ ಒಪ್ಪಬೇಡಿ. ನಿಮ್ಮ ಕ್ರ್ಯಾಂಕಿನ ಬೋಲ್ಟ್ ವೃತ್ತಕ್ಕೆ 34ಕ್ಕಿಂತ ಕಡಿಮೆ ಸಾಮಾನ್ಯವಾಗಿ ಕೂರುವುದಿಲ್ಲ.

ಸಾಮಾನಿನ ಪಟ್ಟಿಗೆ ಎರಡು ಮಾತು. ಶೃಂಗೇರಿ, ಕಳಸದಲ್ಲಿ ಸೈಕಲ್ ರಿಪೇರಿಯವರಿದ್ದರೂ 700 ಅಳತೆಯ ಟ್ಯೂಬು ಸಿಗುವ ನಂಬಿಕೆ ಇಡಬೇಡಿ, ತಲಾ ಎರಡು ಒಯ್ಯಿರಿ. ರೋಡ್ ಬೈಕಿನ ಸಪೂರ ಪ್ರೆಸ್ಟಾ ವಾಲ್ವಿಗೆ ಊರ ಪಂಪು ಹಿಡಿಯುವುದಿಲ್ಲ, ಹಿತ್ತಾಳೆಯ ಅಡಾಪ್ಟರು ಒಂದು ಕೀ ಚೈನಿಗೆ ಸಿಕ್ಕಿಸಿಕೊಳ್ಳಿ. ಘಾಟಿಯಲ್ಲಿ ಪಂಕ್ಚರ್ ಆಗುವುದು ಮುಳ್ಳಿನಿಂದಲ್ಲ, ಸಿಡಿದ ಲಾರಿ ಟೈರಿನ ಸಣ್ಣ ತಂತಿಯಿಂದ. ಟ್ಯೂಬು ಬದಲಿಸುವ ಮುಂಚೆ ಟೈರಿನ ಒಳಗೆ ಬಟ್ಟೆ ಎಳೆದು ನೋಡಿ. ಬಟ್ಟೆ ಸಿಕ್ಕಿದಲ್ಲಿ ತಂತಿ ಇದೆ, ಇಕ್ಕಳದಿಂದ ಕೀಳಿ. ಬಿಟ್ಟರೆ ಎರಡನೇ ಟ್ಯೂಬೂ ಹೋಗುತ್ತದೆ. ಇದರ ಮೇಲೆ ಒಂದು ಹ್ಯಾಂಗರ್ (ನಿಮ್ಮ ಫ್ರೇಮಿನದ್ದೇ ಆಗಬೇಕು, ಬೇರೆಯದು ಕೂರುವುದಿಲ್ಲ), ಎರಡೂ ಸೈಕಲ್ಲಿನ ಚೈನಿಗೆ ಒಂದೊಂದು ಜೋಡಣೆ ಕೊಂಡಿ, ಒಂದು ಬ್ರೇಕ್ ಕೇಬಲ್, ಒಂದು ಗೇರ್ ಕೇಬಲ್, ಪ್ಯಾಡು ಎರಡು ಜೊತೆ, ಕೈಬೆರಳಷ್ಟು ಉದ್ದದ ಹಳೇ ಟೈರಿನ ತುಂಡು. ಟೈರು ಸೀಳಿದರೆ ಒಳಗಿಟ್ಟು ಊರು ಸೇರಬಹುದು.

ಒಂಟಿಮರ

ಎಸ್.ಕೆ. ಬಾರ್ಡರಿನಿಂದಾಚೆಯದು ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆ. ಎರಡೂ ತುದಿಯಲ್ಲಿ ಅರಣ್ಯ ತಪಾಸಣೆ ಗೇಟು, ನಡುವೆ ಕಂಡಕಂಡಲ್ಲಿ ನಿಲ್ಲುವ ಹಾಗಿಲ್ಲ. ವಾಹನಕ್ಕೆ ಸಮಯ ಬರೆದ ಚೀಟಿ ಕೊಡುತ್ತಾರೆ, ಆ ಸಮಯ ಮೋಟಾರು ಗಾಡಿಯ ಲೆಕ್ಕದ್ದು. ಸೈಕಲ್ಲಿನಲ್ಲಿ ಅಷ್ಟರೊಳಗೆ ದಾಟಲು ಆಗುವುದಿಲ್ಲ. ಆದ್ದರಿಂದ ಗೇಟಿಗೆ ಹೋಗಿ ವಾದ ಮಾಡುವುದಲ್ಲ, ಒಂದು ವಾರ ಮುಂಚೆ ವನ್ಯಜೀವಿ ವಿಭಾಗದ ಕಚೇರಿಗೆ ಫೋನ್ ಮಾಡಿ ಕೇಳಿ. ಒಪ್ಪಿದರೆ ಯಾರ ಹತ್ತಿರ ಮಾತಾಡಿದ್ದು, ಯಾವ ದಿನ ಎಂದು ಬರೆದಿಟ್ಟುಕೊಂಡು ಗೇಟಿನಲ್ಲಿ ಹೇಳಿ. ಬೆಳಿಗ್ಗೆಯೇ ಗೇಟು ದಾಟಬೇಕು. ಫೋನಿಗೆ ಸಿಗ್ನಲ್ ಇಲ್ಲದ ಉದ್ದ ಭಾಗ ಇದೆ, ನಕ್ಷೆ ಮೊದಲೇ ಇಳಿಸಿಟ್ಟುಕೊಳ್ಳಿ.

ಬೇಡ ಅಂದರೆ ಶೃಂಗೇರಿಯಿಂದ ಜಯಪುರ, ಬಾಳೆಹೊನ್ನೂರಿನ ಕಡೆ ಬಳಸಿ ಕಳಸಕ್ಕೆ ಬನ್ನಿ. ದೂರ ಹೆಚ್ಚು, ಒಂದು ದಿನ ಪೂರ್ತಿ ಬೇಕು, ಆದರೆ ಊರು, ಅಂಗಡಿ, ನೀರು ಸಿಗುತ್ತದೆ. ಆಗ ಕಳಸದಲ್ಲೇ ನೆಲೆ ಮಾಡಿ ಸೈಕಲ್ಲು ಅಲ್ಲಿ ಬಿಟ್ಟು ಮುಳ್ಳೋಡಿಗೆ ಜೀಪಿನಲ್ಲಿ ಹೋಗಿಬರಬಹುದು. ಕುದುರೆಮುಖದ ಚೀಟಿ ಸಿಗದಿದ್ದರೆ ಶೃಂಗೇರಿಯಲ್ಲಿರುವಾಗಲೇ ಕಿಗ್ಗದಿಂದ ನರಸಿಂಹ ಪರ್ವತ ನೋಡಿ. 1,152 ಮೀಟರ್, ಒಂದೇ ದಿನದ ಕೆಲಸ, ಸೈಕಲ್ಲು ಕಿಗ್ಗದಲ್ಲಿ ಇಟ್ಟು ಹತ್ತಬಹುದು. ಅದಕ್ಕೂ ಮೊದಲೇ ಬುಕ್ ಮಾಡಬೇಕು.

ಹದಿನಾಲ್ಕನೇ ತಿರುವು

ಕೊನೆಯ ದಿನಕ್ಕೆ ಒಂದು ಸಣ್ಣ ಸೇರ್ಪಡೆ. ಉಜಿರೆಯಿಂದ ಉಡುಪಿ ಇನ್ನೂ 80 ಕಿ.ಮೀ. ದಾಟುತ್ತದೆ, ಕರಾವಳಿಯ ಸೆಕೆ ಬೇರೆ. ಚಾರ್ಮಾಡಿ ಇಳಿದ ದಿನವೇ ಮುಗಿಸಲು ಹೋಗಬೇಡಿ, ಆರು ದಿನ ಏಳಾದರೂ ಸರಿ, ಬೆಳ್ತಂಗಡಿಯಲ್ಲಿ ಉಳಿದು ಮರುದಿನ ವೇಣೂರು, ಕಾರ್ಕಳದ ಮೇಲೆ ಹೋಗಿ. ರೈಲಿನಲ್ಲಿ ವಾಪಸಾಗುವುದಾದರೆ ಉಡುಪಿ ನಿಲ್ದಾಣದ ಪಾರ್ಸೆಲ್ ಕಚೇರಿಗೆ ರೈಲಿಗಿಂತ ಎರಡು ಗಂಟೆ ಮುಂಚೆ ಬನ್ನಿ, ಪೆಡಲು ಬಿಚ್ಚಿ, ಹ್ಯಾಂಡಲು ತಿರುಗಿಸಿ, ಡಿರೈಲರಿನ ಬದಿಗೆ ರಟ್ಟು ಕಟ್ಟಿ ಕೊಡಿ. ಕೇಬಲ್ ಡಿಸ್ಕಿನ ಸೈಕಲ್ಲಿನ ಚಕ್ರ ತೆಗೆಯುವುದಾದರೆ ಎರಡು ಪ್ಯಾಡುಗಳ ನಡುವೆ ಮಡಚಿದ ರಟ್ಟಿನ ತುಂಡು ತೂರಿಸಿ. ಮರೆತು ಲಿವರು ಒತ್ತಿಹೋದರೂ ಪ್ಯಾಡು ಒಂದಕ್ಕೊಂದು ಬಡಿಯುವುದಿಲ್ಲ.